ನಾಪೋಕ್ಲಿನಲ್ಲಿ ಇಳಿಯಿರಿ, ಎರಡು ದಿನ ಇರಿ

ಕೊಡಗಿಗೆ ಬರುವ ಬಹುಪಾಲು ಮಂದಿ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ನೋಡಿ ಮರುದಿನ ಸಂಜೆಗೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ವಾರಾಂತ್ಯದಲ್ಲಿ ಅಲ್ಲೆಲ್ಲ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಮಡಿಕೇರಿಯಲ್ಲಿ ಒಂದು ಲೋಟ ಕಾಫಿ ಕುಡಿದು ಮುಂದಕ್ಕೆ ಹೋಗಿ. ಮೂರ್ನಾಡು ದಾಟಿದ ಮೇಲೆ, ಕಾವೇರಿಯ ಮಗ್ಗುಲಲ್ಲಿ ನಾಪೋಕ್ಲು ಸಿಗುತ್ತದೆ. ಸಣ್ಣ ಪೇಟೆ. ಸುತ್ತ ಕಾಫಿ ತೋಟ, ಗದ್ದೆ, ಆಚೆಗೆ ಬೆಟ್ಟದ ಸಾಲು. ಕೊಡಗಿನ ಅತಿ ಎತ್ತರದ ಬೆಟ್ಟ, ರಾಜರ ಕಾಡಿನ ಅರಮನೆ, ಕೊಡವರ ಮಳೆ-ಬೆಳೆಯ ದೇವರು, ಎಲ್ಲವೂ ಇಲ್ಲಿಂದ ಎರಡು ದಿನದ ಸುತ್ತಾಟಕ್ಕೆ ಒದಗುತ್ತವೆ.

ತಲುಪುವುದು, ಉಳಿಯುವುದು

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಮಡಿಕೇರಿಗೆ ಸರ್ಕಾರಿ ಬಸ್ಸು ಹಿಡಿಯಬೇಕು. ಮಡಿಕೇರಿಯಿಂದಾಚೆಗೆ ಹಳ್ಳಿಗಳಿಗೆ ಹೆಚ್ಚಾಗಿ ಖಾಸಗಿ ಬಸ್ಸುಗಳೇ ಗತಿ. ಸಂಜೆಯಾದಂತೆ ಬಸ್ಸು ವಿರಳ. ಹಾಗಾಗಿ ಎಲ್ಲಿಗೆ ಹೋದರೂ ಇಳಿಯುವಾಗಲೇ ಕಂಡಕ್ಟರನ್ನು ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕೇಳಿಟ್ಟುಕೊಳ್ಳಿ. ಸ್ವಂತ ಗಾಡಿಯವರು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಟ್ಯಾಂಕು ತುಂಬಿಸಿ, ಒಂದಿಷ್ಟು ನಗದು ಇಟ್ಟುಕೊಂಡು ಹೊರಡಿ. ಬೆಟ್ಟದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟಾಗ ನೋಟೇ ಕೆಲಸಕ್ಕೆ ಬರುವುದು.

ತಂಗಲು ನಾಪೋಕ್ಲು, ಕಕ್ಕಬ್ಬೆ ಸುತ್ತ ಹೋಂಸ್ಟೇಗಳಿವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಮೊದಲೇ ಕೇಳಿ. ಊಟಕ್ಕೆ ಏನು ಬೇಕೆಂಬುದನ್ನೂ ಹಿಂದಿನ ದಿನವೇ ತಿಳಿಸಿ. ಕಡಂಬುಟ್ಟು, ನೂಲ್‌ಪುಟ್ಟು ಮೊದಲೇ ತಯಾರಿ ಬೇಡುವ ತಿಂಡಿಗಳು. ಜೊತೆಗೆ ಬರುವ ಹಂದಿ ಸಾರಿನ ಕಪ್ಪು ಬಣ್ಣ, ಹುಳಿ ಎರಡೂ ಕಾಚಂಪುಳಿಯದು. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಸಿ, ತೊಟ್ಟಿಕ್ಕಿದ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ಡಾಂಬರಿನಂತೆ ಕಪ್ಪಾಗಿ ಗಟ್ಟಿಯಾಗುತ್ತದೆ. ಅರ್ಧ ಚಮಚ ಒಂದು ಪಾತ್ರೆ ಸಾರಿಗೆ ಹುಳಿ ಕೊಡುತ್ತದೆ. ಮನೆಯವರೇ ಮಾಡಿದ್ದು ಸಿಕ್ಕರೆ ಒಂದು ಸಣ್ಣ ಬಾಟಲಿ ಕೊಂಡುಕೊಳ್ಳಿ, ವರ್ಷಗಟ್ಟಲೆ ಕೆಡುವುದಿಲ್ಲ.

ಮೊದಲ ದಿನ: ದೇವರು, ಅರಮನೆ

ಬೆಳಿಗ್ಗೆಯೇ ಕಕ್ಕಬ್ಬೆಗೆ ಹೊರಟು ಮೊದಲು ಪಾಡಿ ಇಗ್ಗುತಪ್ಪನ ದರ್ಶನ ಮಾಡಿ. ಕೊಡವರಿಗೆ ಇಗ್ಗುತಪ್ಪ ಮಳೆ-ಬೆಳೆಯ ದೇವರು. ನವೆಂಬರ್-ಡಿಸೆಂಬರಿನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿಗೆ ಮುಹೂರ್ತ ಗೊತ್ತಾಗುವುದು ಈ ಸನ್ನಿಧಿಯಲ್ಲಿ. ಇಲ್ಲಿ ಕದಿರು ತೆಗೆದ ಮೇಲೆಯೇ ಉಳಿದ ಊರುಗಳಲ್ಲಿ ಕದಿರು ಕೊಯ್ಯುವುದು. ಗುಡಿಯ ಸುತ್ತಲಿನ ಕಾಡಿನಲ್ಲಿ ತಿಂಡಿ ಪೊಟ್ಟಣ ಬಿಚ್ಚಿ ಕೂರಬೇಡಿ. ಕೊಡಗಿನಲ್ಲಿ ಇಂಥ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯುವುದಿರಲಿ, ಒಣ ಕೊಂಬೆ ಎತ್ತಲೂ ಹಿರಿಯರು ಹಿಂಜರಿಯುತ್ತಿದ್ದರು.

ಕಕ್ಕಬ್ಬೆಯಲ್ಲಿ ಜೇನು ಕೇಳಿ. ಜೇನಿಗೆಂದೇ ಹೆಸರಾದ ಊರಿದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳು ಬಹುಪಾಲು ನೆಲಕಚ್ಚಿದಾಗ ಕೊಡಗಿನ ಪೆಟ್ಟಿಗೆಗಳೂ ಬರಿದಾದವು. ಮತ್ತೆ ಪೆಟ್ಟಿಗೆ ಇಟ್ಟು ಸಾಕುತ್ತಿರುವವರಿಂದ ನೇರವಾಗಿ ಕೊಂಡರೆ ಅವರಿಗೂ ಒಳ್ಳೆಯದು, ನಿಮಗೂ.

ಮಧ್ಯಾಹ್ನದ ಮೇಲೆ ಯವಕಪಾಡಿಯ ನಾಲ್ಕುನಾಡು ಅರಮನೆ. ಬಸ್ಸಿನಲ್ಲಿ ಬರುವವರು ಕೈಕಂಬದಲ್ಲಿ ಇಳಿದು ನಡೆಯಬೇಕು. ಈ ಪ್ರವಾಸದಲ್ಲಿ ತಪ್ಪಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುವ ಜಾಗ ಇದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಇದನ್ನು ಕಟ್ಟಿಸಿದ. ಅರಮನೆ ಎಂದಾಗ ಮೈಸೂರನ್ನು ನೆನೆಯಬೇಡಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳಿನ ಬುಡದಲ್ಲಿ, ಕಾಡಿಗೆ ಬೆನ್ನು ಕೊಟ್ಟು ನಿಂತ ಎರಡಂತಸ್ತಿನ ಮನೆ. ಶತ್ರು ಬಂದರೆ ಅಡಗಲು, ಓಡಲು ಅನುಕೂಲವಾಗುವ ತಾಣ. ಮರದ ಕೆತ್ತನೆಯ ಮುಂದೆ ನಿಂತು ನೋಡಿ. ಗೋಡೆಯ ಮಾಸಿದ ಚಿತ್ರಗಳನ್ನು ಮುಟ್ಟಬೇಡಿ, ಬೆರಳಿನ ಬೆವರಿಗೇ ಬಣ್ಣ ಏಳುತ್ತದೆ. ಎದುರಿಗೆ ಪುಟ್ಟ ಮದುವೆ ಮಂಟಪವಿದೆ. ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದದ್ದೂ ಇಲ್ಲೇ. ರಾಜ್ಯ ಎದ್ದ ಕಾಲಕ್ಕೂ ಬಿದ್ದ ಕಾಲಕ್ಕೂ ಈ ಒಂದೇ ಮನೆ ಸಾಕ್ಷಿ.

ಎರಡನೇ ದಿನ: ಬೆಟ್ಟ, ಇಲ್ಲವೇ ನೀರು

ಕಾಲಿಗೆ ಬಲ ಇರುವವರಿಗೆ ತಡಿಯಂಡಮೋಳ್. 1,748 ಮೀಟರ್ ಎತ್ತರ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಪಡೆಯಿರಿ. ಬೆಳಿಗ್ಗೆ ಬೇಗ ಹತ್ತಲು ತೊಡಗಿದರೆ ಮಧ್ಯಾಹ್ನದ ಬಿಸಿಲಿಗೆ ಮೊದಲು ತುದಿ ಸೇರಬಹುದು. ತುದಿಗೆ ಮುಂಚಿನ ಕಡಿದಾದ ಏರು ಉಸಿರು ಹಿಡಿಸುತ್ತದೆ. ಎಳೆಯ ಮಕ್ಕಳೂ ಮಂಡಿನೋವಿನವರೂ ಅದಕ್ಕೆ ಮೊದಲೇ ಹುಲ್ಲುಗಾವಲಿನಲ್ಲಿ ಕೂತು ಹಿಂದಿರುಗಿದರೆ ನಷ್ಟವೇನಿಲ್ಲ. ನೀರು, ಬುತ್ತಿ ನಿಮ್ಮದೇ ಇರಲಿ. ಜಿಗಣೆ ಕಚ್ಚಿದರೆ ಕಿತ್ತೆಳೆಯಬೇಡಿ, ಒಂದು ಚಿಟಿಕೆ ಉಪ್ಪು ಹಾಕಿದರೆ ತಾನೇ ಉದುರುತ್ತದೆ.

ಬೆಟ್ಟ ಬೇಡವೆನ್ನುವವರು ಚೆಯ್ಯಂಡಾಣೆ ಕಡೆಯ ಚೇಲಾವರ ಜಲಪಾತಕ್ಕೆ ಹೋಗಲಿ. ದೂರದಿಂದ ನೋಡಿ, ಇಳಿಯಬೇಡಿ. ಈ ನೀರು ಅನೇಕ ಯುವಕರ ಜೀವ ತೆಗೆದುಕೊಂಡಿದೆ. ಅದೇ ಸೀಮೆಯ ಕರಡದಲ್ಲಿ 1997ರಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಕೊಡವ ಹಾಕಿ ಹಬ್ಬ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಆಡಿದವು. ಹಬ್ಬ ಪ್ರತಿವರ್ಷ ಒಂದೊಂದು ಕಡೆ, ಮಾರ್ಚ್-ಏಪ್ರಿಲ್ ಹೊತ್ತಿಗೆ. ಕಾಫಿ ಹೂ ಬಿಡುವುದೂ ಆಗಲೇ. ಹೂಮಳೆ ಬಿದ್ದ ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ. ಸಮಯ ಉಳಿದರೆ ಎಮ್ಮೆಮಾಡಿನ ದರ್ಗಾ, ಇಲ್ಲವೇ ಭಾಗಮಂಡಲ, ತಲಕಾವೇರಿ.

ಯಾವಾಗ ಬೇಡ

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್ ಬೇಡ. 2018ರ ಭೂಕುಸಿತವನ್ನೂ 2020ರಲ್ಲಿ ತಲಕಾವೇರಿಯ ಬೆಟ್ಟ ಜರಿದದ್ದನ್ನೂ ಇಲ್ಲಿಯವರು ಮರೆತಿಲ್ಲ. ಕಾವೇರಿ ಉಕ್ಕಿದರೆ ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ನೀರು ನಿಂತು ನಾಪೋಕ್ಲಿನ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಬರಲೇಬೇಕಾದರೆ ಹೊರಡುವ ಬೆಳಿಗ್ಗೆ ಉಳಿಯುವ ಮನೆಯವರಿಗೆ ಫೋನು ಮಾಡಿ, ಬೊಳಿಬಾಣೆಗೆ ನೀರು ಬಂದಿದೆಯೇ ಎಂದು ಕೇಳಿ. ಬಂದಿದೆ ಎಂದರೆ ಆ ದಿನ ಹೊರಡಬೇಡಿ.