ಮೊಟ್ಟೆಯ ನಿದ್ದೆ, ಜೀನಿನ ಚಿಪ್

ಪ್ರಶ್ನೆ: ನಾವು ತೊಂಡೇಬಾವಿ ಕಡೆಯವರು, ರೇಷ್ಮೆ ಸಾಕುತ್ತೇವೆ. ಗೂಡು ಹಾಕುವುದು ಶಿಡ್ಲಘಟ್ಟಕ್ಕೆ. ದ್ವಿತಳಿ ಮೊಟ್ಟೆಗೆ ಆಮ್ಲ ಮುಟ್ಟಿಸದಿದ್ದರೆ ತಿಂಗಳುಗಟ್ಟಲೆ ಹುಳು ಬರುವುದಿಲ್ಲವಂತೆ. ಅದೇ ತಳಿಯ ಕೆಲವು ಮೊಟ್ಟೆ ಮಾತ್ರ ತಾವಾಗಿಯೇ ಒಡೆಯುತ್ತವಂತೆ. ಬಿ.ಎಸ್ಸಿ. ಓದುವ ಮಗ ‘ಇದು ಡಿಎನ್‌ಎ ಮಿಥೈಲೀಕರಣ, ಮೈಕ್ರೊಅರೇ ಚಿಪ್‌ನಲ್ಲಿ ಕಾಣುತ್ತೆ’ ಅನ್ನುತ್ತಾನೆ. ನಿಜವೇ?

ಉತ್ತರ: ನಿಮ್ಮ ಮಗ ಅರ್ಧ ದಾರಿ ಸರಿಯಾಗಿ ಬಂದಿದ್ದಾನೆ. ಎರಡೂ ಮೊಟ್ಟೆಗಳ ಜೀನ್‌ಗಳು ಅವೇ. ಯಾವುದು ಯಾವಾಗ ಕೆಲಸ ಮಾಡಬೇಕು ಎಂಬುದಷ್ಟೇ ಬೇರೆ. ಆದರೆ ಇಲ್ಲಿ ಆಜ್ಞೆ ಕೊಡುವುದು ಮುಖ್ಯವಾಗಿ ಒಂದು ಹಾರ್ಮೋನು. ತಾಯಿ ಚಿಟ್ಟೆ ತಾನೇ ಮೊಟ್ಟೆಯೊಳಗೆ ಭ್ರೂಣವಾಗಿದ್ದಾಗ ಸುಮಾರು 25 ಡಿಗ್ರಿ ಶಾಖ ಕಂಡಿದ್ದರೆ, ಮುಂದೆ ಕೋಶಾವಸ್ಥೆಯಲ್ಲಿ ಆ ಹಾರ್ಮೋನು ಸುರಿಸುತ್ತದೆ. ಅದರ ಮೊಟ್ಟೆಗಳು ಕಪ್ಪಾಗಿ ನಿದ್ದೆಗೆ ಜಾರುತ್ತವೆ. 15 ಡಿಗ್ರಿಯ ಕತ್ತಲಲ್ಲಿ ಬೆಳೆದಿದ್ದರೆ ಮೊಟ್ಟೆ ನಿದ್ದೆ ಮಾಡುವುದಿಲ್ಲ, ಹತ್ತು ಹನ್ನೆರಡು ದಿನಕ್ಕೆ ಹುಳು ಹೊರಬರುತ್ತದೆ. ತಾಯಿ ಕಂಡ ಶಾಖಕ್ಕೆ ಮಕ್ಕಳು ನಡೆದುಕೊಳ್ಳುವ ಇಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಹುಳು ಮನೆಯಲ್ಲೇ ಇದೆ ಎಂಬುದು ನನಗೆ ಇಂದಿಗೂ ಅಚ್ಚರಿ.

ಇನ್ನು ಮಿಥೈಲೀಕರಣ. ಡಿಎನ್‌ಎಯ ಸೈಟೋಸಿನ್ ಅಕ್ಷರಕ್ಕೆ ಪುಟ್ಟ ಮಿಥೈಲ್ ಗುಂಪು ಅಂಟಿಕೊಳ್ಳುವುದೇ ಅದು. ಮನುಷ್ಯರಲ್ಲಿ ಜೀನಿನ ಆರಂಭದ ಭಾಗಕ್ಕೆ ಅದು ಅಂಟಿದರೆ ಸಾಮಾನ್ಯವಾಗಿ ಜೀನ್ ಸುಮ್ಮನಾಗುತ್ತದೆ. ರೇಷ್ಮೆ ಹುಳುವಿನ ಲೆಕ್ಕವೇ ಬೇರೆ. 2010ರಲ್ಲಿ ಚೀನಾದ ವಿಜ್ಞಾನಿಗಳು ಅದರ ರೇಷ್ಮೆ ಗ್ರಂಥಿಯ ಡಿಎನ್‌ಎಯನ್ನು ಪೂರ್ತಿ ಓದಿದಾಗ ಸೈಟೋಸಿನ್‌ಗಳಲ್ಲಿ ಶೇ 0.11ರಷ್ಟಕ್ಕೆ ಮಾತ್ರ ಮಿಥೈಲ್ ಇತ್ತು. ಅದೂ ಹೆಚ್ಚಾಗಿ ಜೀನಿನ ಒಡಲಲ್ಲಿ, ಚೆನ್ನಾಗಿ ದುಡಿಯುವ ಜೀನ್‌ಗಳಲ್ಲೇ. ಮನುಷ್ಯನ ಪಾಠವನ್ನು ಹುಳುವಿಗೆ ಹಾಗೇ ಒಪ್ಪಿಸಬೇಡ ಎಂದು ಮಗನಿಗೆ ಹೇಳಿ.

ಪ್ರಶ್ನೆ: ಹಾಗಾದರೆ ಚಿಪ್ ನೋಡುವುದಾದರೂ ಏನನ್ನು? (ಗೌರಿಬಿದನೂರಿನ ವಿದ್ಯಾರ್ಥಿನಿ)

ಉತ್ತರ: ಚಿಪ್‌ಗಳಲ್ಲಿ ಎರಡು ಬಗೆ, ಅವನ್ನು ಬೆರೆಸಬೇಡಿ. ಮೊದಲನೆಯದು ದುಡಿಯುತ್ತಿರುವ ಜೀನ್‌ಗಳನ್ನು ಗುರುತಿಸುತ್ತದೆ. ಗಾಜಿನ ಪಟ್ಟಿಯ ಮೇಲೆ ಸಾವಿರಾರು ಚುಕ್ಕಿಗಳು, ಒಂದೊಂದರಲ್ಲೂ ಗೊತ್ತಿರುವ ಒಂದು ಡಿಎನ್‌ಎ ತುಣುಕು. ಅಂಗಾಂಶದ ಆರ್‌ಎನ್‌ಎಯ ಪ್ರತಿ ಮಾಡಿ, ಹೊಳೆಯುವ ಬಣ್ಣ ಕಟ್ಟಿ ಹರಿಸಿದರೆ ಪ್ರತಿಯೊಂದೂ ತನ್ನ ಜೋಡಿಗೆ ಹೋಗಿ ಅಂಟುತ್ತದೆ. ಯಾವ ಚುಕ್ಕಿ ಎಷ್ಟು ಹೊಳೆಯಿತೋ ಆ ಜೀನ್ ಅಷ್ಟು ದುಡಿಯುತ್ತಿದೆ. 2007ರಲ್ಲಿ ಸುಮಾರು 23 ಸಾವಿರ ಚುಕ್ಕಿಗಳ ಇಂಥ ಚಿಪ್‌ನಿಂದ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿನ ಅಂಗಾಂಗಗಳನ್ನು ಹೋಲಿಸಿ ನೋಡಿದರು.

ಎರಡನೆಯದು ಮಿಥೈಲ್ ಗುರುತನ್ನೇ ಓದುತ್ತದೆ. ಮೊದಲು ಡಿಎನ್‌ಎಗೆ ಬೈಸಲ್ಫೈಟ್ ಹಾಕುತ್ತಾರೆ. ಮಿಥೈಲ್ ಇಲ್ಲದ ಸೈಟೋಸಿನ್ ಬೇರೆ ಅಕ್ಷರವಾಗುತ್ತದೆ, ಇರುವುದು ಹಾಗೇ ಉಳಿಯುತ್ತದೆ. ಆ ವ್ಯತ್ಯಾಸವನ್ನು ಚಿಪ್ ಹಿಡಿಯುತ್ತದೆ. ಇಲ್ಯುಮಿನಾ ಕಂಪನಿಯ ಎಪಿಕ್ ಚಿಪ್ ಮನುಷ್ಯನಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜಾಗಗಳನ್ನು ಓದುತ್ತದೆ. ಅಂಥ ಜಾಗಗಳಿರುವುದು ಸುಮಾರು 2.8 ಕೋಟಿ! ಅಂದರೆ ನೂರಕ್ಕೆ ಮೂರು. ಚಿಪ್ ‘ಏನೂ ಇಲ್ಲ’ ಅಂದಾಗ ಉಳಿದ ತೊಂಬತ್ತೇಳನ್ನು ಮರೆಯಬಾರದು. ರಕ್ತದಲ್ಲಿ ಕಂಡದ್ದು ಮೇದೋಜೀರಕ ಗ್ರಂಥಿಯಲ್ಲೂ ಹಾಗೇ ಇರಬೇಕೆಂದೂ ಇಲ್ಲ.

ಪ್ರಶ್ನೆ: ನಾನು ಐದು ತಿಂಗಳ ಬಸುರಿ, ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ಮಗುವಿಗೆ ಮುಂದೆ ಬರುತ್ತದೋ ಎಂದು ಈ ಚಿಪ್‌ನಲ್ಲಿ ತಿಳಿಯಬಹುದೇ?

ಉತ್ತರ: ಇಲ್ಲಮ್ಮ, ಅದಕ್ಕೆ ದುಡ್ಡು ಕೊಡಬೇಡಿ. ಸಾವಿರಾರು ಜನರನ್ನು ಹೋಲಿಸುವ ಸಂಶೋಧನೆಗೆ ಅದು ಒಳ್ಳೆಯ ಸಾಧನ, ಒಂದು ಮಗುವಿನ ಭವಿಷ್ಯ ಹೇಳಲು ಅಲ್ಲ. ಆದರೆ ನಿಮ್ಮ ಆತಂಕ ಸುಮ್ಮನೆ ಹುಟ್ಟಿದ್ದಲ್ಲ, ಗರ್ಭದಲ್ಲಿನ ಸ್ಥಿತಿ ಮುಂದಿನ ಆರೋಗ್ಯವನ್ನು ತಟ್ಟಬಲ್ಲದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ದಶಕಗಳ ನಂತರ ಆ ಮಕ್ಕಳನ್ನು ಹುಡುಕಿ ನೋಡಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಿತ್ತು. 1996ರಲ್ಲಿ ಅದು ಪ್ರಕಟವಾಯಿತು. ಗರ್ಭದಲ್ಲಿನ ಪೋಷಣೆ ಮೈಯಲ್ಲಿ ಗುರುತು ಹೇಗೆ ಉಳಿಸುತ್ತದೆ ಎಂಬುದಕ್ಕೆ ಮಿಥೈಲೀಕರಣ ಒಂದು ದಾರಿಯಿರಬಹುದು ಎಂದೇ ಸಂಶೋಧಕರು ಚಿಪ್ ಹಿಡಿದು ಹೊರಟಿರುವುದು.

ನೀವು ಮಾಡಬೇಕಾದ ಪರೀಕ್ಷೆ ಬೇರೆಯೇ. 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆ ಬಿಟ್ಟು ರಕ್ತ ಕೊಡಿ. ಸಕ್ಕರೆ ಡೆಸಿಲೀಟರಿಗೆ 140 ಮಿ.ಗ್ರಾಂ ಅಥವಾ ಮೇಲಿದ್ದರೆ ವೈದ್ಯರು ಊಟದಿಂದಲೇ ಚಿಕಿತ್ಸೆ ಶುರು ಮಾಡುತ್ತಾರೆ. ಮೊದಲ ತಪಾಸಣೆಯಲ್ಲಿ ಸರಿಯಿತ್ತೆಂದು ಇದನ್ನು ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ.