ಮೆಚ್ಚಿದ ನಾಡು, ಬದಲಾದ ನೋಟ: ರವೀಂದ್ರನಾಥ ಠಾಕೂರರ ಜಪಾನ್ ಯಾತ್ರೆಗಳು

ಪ್ರವಾಸ ಸಾಹಿತ್ಯದ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಪ್ರವಾಸಿ ಕಂಡ ನಾಡಿನ ಚಿತ್ರಣಕ್ಕೆ ಪ್ರಾಶಸ್ತ್ಯ ದೊರೆಯುತ್ತದೆ. ಆತ ಹೊರಡುವ ಮುನ್ನವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ನಾಡು ಯಾವುದು, ಕಣ್ಣೆದುರಿನ ನಾಡು ಅದಕ್ಕೆ ಹೊಂದದಿದ್ದಾಗ ಆತ ಏನು ಮಾಡಿದ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದವು. ರವೀಂದ್ರನಾಥ ಠಾಕೂರರು ಜಪಾನಿನೊಡನೆ ಹೊಂದಿದ್ದ ಸುಮಾರು ನಾಲ್ಕು ದಶಕಗಳ ಸಂಬಂಧ ಇದಕ್ಕೆ ಉತ್ತಮ ನಿದರ್ಶನ. ಅಭಿಮಾನದಿಂದ ಆರಂಭವಾಗಿ 1938ರ ತೀವ್ರ ಖಂಡನೆಗೆ ಬಂದು ನಿಂತ ಈ ಸಂಬಂಧವನ್ನು ಭ್ರಮನಿರಸನದ ಕಥೆಯೆಂದು ಓದುವುದುಂಟು. ಆದರೆ ಅವರ ಬರಹಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದಾಗ ಬೇರೆಯದೇ ಆದ ಚಿತ್ರ ದೊರೆಯುತ್ತದೆ. ಖಂಡನೆಯ ಬೀಜ ಮೊದಲ ಯಾತ್ರೆಯಲ್ಲಿಯೇ ಇತ್ತು. ಅಭಿಮಾನ ಕೊನೆಯವರೆಗೂ ಉಳಿದಿತ್ತು.

ಈ ಅಭಿಮಾನದ ಮೂಲ ಪ್ರವಾಸದಲ್ಲಿಲ್ಲ, ಸ್ನೇಹದಲ್ಲಿದೆ. ಜಪಾನಿನ ಕಲಾಚಿಂತಕ ಒಕಾಕುರಾ ಕಾಕುಜೊ 1902ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಠಾಕೂರ ಕುಟುಂಬದ ಆತ್ಮೀಯರಾದರು. ಏಷ್ಯಾದ ಸಂಸ್ಕೃತಿಗಳೆಲ್ಲ ಮೂಲತಃ ಏಕಾತ್ಮಕವೆಂಬ ಅವರ ನಿಲುವು ರವೀಂದ್ರರನ್ನು ಆಳವಾಗಿ ತಟ್ಟಿತು. ಮರುವರ್ಷ ಯೊಕೊಯಾಮಾ ತೈಕಾನ್ ಮೊದಲಾದ ಚಿತ್ರಕಾರರು ಕಲ್ಕತ್ತೆಗೆ ಬಂದರು. ಶಾಂತಿನಿಕೇತನದ ಎಳೆಯ ಶಾಲೆಗೆ ಜಪಾನಿನಿಂದ ವಿದ್ಯಾರ್ಥಿಯೂ ಬಂದರು, ಜುಜುತ್ಸು ಕಲಿಸುವ ಶಿಕ್ಷಕರೂ ಬಂದರು. ಹೀಗೆ ರವೀಂದ್ರರು ಜಪಾನನ್ನು ಕಾಣುವ ಮೊದಲು ಕಂಡದ್ದು ಅಲ್ಲಿಯ ಕಲಾವಿದರನ್ನು ಮತ್ತು ವಿದ್ಯಾರ್ಥಿಗಳನ್ನು.

1905ರಲ್ಲಿ ಜಪಾನ್ ರಷ್ಯಾವನ್ನು ಸೋಲಿಸಿದಾಗ ಈ ಅಭಿಮಾನಕ್ಕೆ ಇನ್ನೊಂದು ಮುಖ ಸೇರಿತು. ಏಷ್ಯಾದ ರಾಷ್ಟ್ರವೊಂದು ಯುರೋಪಿನ ಸಾಮ್ರಾಜ್ಯವನ್ನು ಮಣಿಸಿದ ಸುದ್ದಿ ಪರತಂತ್ರ ಭಾರತದಲ್ಲಿ ಎಬ್ಬಿಸಿದ ಸಂಭ್ರಮದಲ್ಲಿ ರವೀಂದ್ರರೂ ಭಾಗಿಯಾದರು. ಶಾಂತಿನಿಕೇತನದಲ್ಲಿಯೂ ಹರ್ಷಾಚರಣೆ ನಡೆಯಿತು. ಇಲ್ಲಿ ಒಂದು ವಿರೋಧಾಭಾಸವಿದೆ. ಅವರು ಮುಂದೆ ಯಾವ ಶಕ್ತಿಯನ್ನು ಖಂಡಿಸಿದರೋ ಅದೇ ಶಕ್ತಿಯ ಗೆಲುವಿಗೆ ಅಂದು ಹಿಗ್ಗಿದ್ದರು. ಆ ಯುದ್ಧದ ಫಲವಾಗಿಯೇ ಕೊರಿಯಾ ಜಪಾನಿನ ಹಿಡಿತಕ್ಕೆ ಸಿಲುಕಿ, 1910ರಲ್ಲಿ ಸಂಪೂರ್ಣವಾಗಿ ಅದರ ವಶವಾಯಿತು. 1915ರಲ್ಲಿ ಜಪಾನ್ ಚೀನಾದ ಮುಂದೆ 21 ಬೇಡಿಕೆಗಳನ್ನಿಟ್ಟು ಒತ್ತಡ ಹೇರಿತು. ದೂರದಿಂದ ವಿಮೋಚನೆಯ ಸಂಕೇತವಾಗಿ ಕಂಡ ವಿಜಯ ನೆರೆಹೊರೆಯವರಿಗೆ ಬಂಧನವಾಗಿ ಪರಿಣಮಿಸಿತ್ತು.

ಈ ಹಿನ್ನೆಲೆಯಲ್ಲಿ 1916ರ ಮೇ ತಿಂಗಳಲ್ಲಿ ರವೀಂದ್ರರು 'ತೋಸಾ ಮಾರು' ಎಂಬ ಜಪಾನಿ ಹಡಗನ್ನೇರಿ ಕಲ್ಕತ್ತೆಯಿಂದ ಹೊರಟರು. ಆಗ ಅವರಿಗೆ 55 ವರ್ಷ. ನೊಬೆಲ್ ಪುರಸ್ಕಾರ ಬಂದು ಮೂರು ವರ್ಷಗಳಾಗಿದ್ದವು. ಈ ಯಾತ್ರೆಯ ಬರಹಗಳು 1919ರಲ್ಲಿ 'ಜಪಾನ್ ಯಾತ್ರಿ' ಎಂಬ ಬಂಗಾಳಿ ಕೃತಿಯಾಗಿ ಪ್ರಕಟಗೊಂಡವು. ದಾರಿಯಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ದುಡಿಯುತ್ತಿದ್ದ ಚೀನೀ ಕಾರ್ಮಿಕರ ಮೈಕಟ್ಟನ್ನೂ ಕೆಲಸದ ಲಯವನ್ನೂ ಅವರು ಬೆರಗಿನಿಂದ ವರ್ಣಿಸಿ, ಈ ಜನಶಕ್ತಿ ಒಂದು ದಿನ ಎಚ್ಚೆತ್ತುಕೊಳ್ಳುವುದೆಂದು ಊಹಿಸಿದ್ದಾರೆ. ಜಪಾನನ್ನು ಕಾಣಹೊರಟವರ ಕಣ್ಣು ಚೀನಾದ ಕಡೆಗೂ ತೆರೆದಿತ್ತೆಂಬುದು ಮುಂದಿನ ಬೆಳವಣಿಗೆಯ ದೃಷ್ಟಿಯಿಂದ ಗಮನಾರ್ಹ.

ಜಪಾನಿನಲ್ಲಿ ಅವರು ಮೆಚ್ಚಿದ್ದು ಬದುಕಿನ ಸಣ್ಣ ಸಂಗತಿಗಳನ್ನು. ಬೀದಿಯಲ್ಲಿ ಜನರು ಕೂಗಾಡದೆ ತಾಳ್ಮೆಯಿಂದ ನಡೆದುಕೊಳ್ಳುವ ರೀತಿ, ಹೂ ಜೋಡಿಸುವ ಕಲೆ, ಚಹಾ ಸಮಾರಂಭದ ಮೌನ, ಕೆಲವೇ ಶಬ್ದಗಳಲ್ಲಿ ಮುಗಿಯುವ ಕವಿತೆ — ಇವೆಲ್ಲವುಗಳ ಹಿಂದೆ ಸಂಯಮವೊಂದು ಕೆಲಸ ಮಾಡುತ್ತಿದೆಯೆಂದು ಅವರು ಗುರುತಿಸಿದರು. ಯೊಕೊಹಾಮಾದಲ್ಲಿ ಕಲಾಪೋಷಕ ಹಾರಾ ತೊಮಿತಾರೊ ಅವರ ಅತಿಥಿಯಾಗಿದ್ದಾಗ ತೈಕಾನ್ ಮತ್ತು ಶಿಮೊಮುರಾ ಕಾನ್ಜಾನ್ ಅವರ ಚಿತ್ರಗಳನ್ನು ಕಂಡರು. ಕುರುಡನೊಬ್ಬ ಮುಳುಗುವ ಸೂರ್ಯನಿಗೆ ಕೈಜೋಡಿಸಿ ನಿಂತಿರುವ ಕಾನ್ಜಾನ್‌ರ ಚಿತ್ರ ಅವರನ್ನು ಅಪಾರವಾಗಿ ಸೆಳೆಯಿತು. ಅದೇ ವೇಳೆಗೆ, ಹಡಗಿನಿಂದ ಇಳಿದ ಕೋಬೆ ನಗರದ ತಗಡಿನ ಮಾಡುಗಳೂ ಕಾರ್ಖಾನೆಯ ಹೊಗೆಯೂ ಅವರಿಗೆ ಕಸಿವಿಸಿ ಉಂಟುಮಾಡಿದ್ದವು. ಮೆಚ್ಚುಗೆ ಮತ್ತು ಆತಂಕ ಒಂದೇ ಯಾತ್ರೆಯ ಅನುಭವಗಳಾಗಿದ್ದುವೇ ಹೊರತು ಒಂದರ ನಂತರ ಒಂದು ಬಂದವುಗಳಲ್ಲ.

ಜೂನ್ ತಿಂಗಳಲ್ಲಿ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಜುಲೈನಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿಯೂ ನೀಡಿದ ಉಪನ್ಯಾಸಗಳಲ್ಲಿ ಈ ಆತಂಕ ಬಹಿರಂಗವಾಯಿತು. ಏಷ್ಯಾದ ನಿದ್ರೆಯನ್ನು ಮುರಿದ ಶ್ರೇಯಸ್ಸನ್ನು ಅವರು ಜಪಾನಿಗೆ ಮನಃಪೂರ್ವಕವಾಗಿ ಸಲ್ಲಿಸಿದರು. ಪಶ್ಚಿಮದ ಯಂತ್ರ, ವಿಜ್ಞಾನ, ವೇಷಭೂಷಣಗಳನ್ನು ಸ್ವೀಕರಿಸುವುದರಲ್ಲಿ ದೊಡ್ಡ ಅಪಾಯವಿಲ್ಲ. ಪಶ್ಚಿಮದ ರಾಷ್ಟ್ರವಾದದ ಪ್ರೇರಕಶಕ್ತಿಯನ್ನೇ ತನ್ನದಾಗಿಸಿಕೊಳ್ಳುವುದರಲ್ಲಿ ಅಪಾಯವಿದೆ ಎಂಬುದು ಅವರ ಎಚ್ಚರಿಕೆಯ ಸಾರ. ಪ್ರಧಾನಮಂತ್ರಿ ಒಕುಮಾ ಅವರ ಉಪಸ್ಥಿತಿಯಲ್ಲಿ ಸತ್ಕಾರ ಪಡೆದ ಅತಿಥಿಯ ಈ ಮಾತುಗಳು ಅನೇಕರಿಗೆ ರುಚಿಸಲಿಲ್ಲ. ಸೋತ ನಾಡಿನ ಕವಿಯ ಉಪದೇಶ ಗೆಲ್ಲುತ್ತಿರುವ ನಾಡಿಗೆ ಬೇಕಿಲ್ಲವೆಂಬ ಟೀಕೆ ಕೇಳಿಬಂತು. ಆರಂಭದ ಉತ್ಸಾಹ ಬೇಗನೆ ತಣ್ಣಗಾಯಿತು. ಈ ವಿಚಾರಗಳು 1917ರಲ್ಲಿ 'ನ್ಯಾಷನಲಿಸಂ' ಗ್ರಂಥದಲ್ಲಿ ಸೇರಿದವು.

ಹಾಗೆಂದು ಅವರು ಆ ನಾಡಿಗೆ ಬೆನ್ನು ತಿರುಗಿಸಲಿಲ್ಲ. 1924ರಲ್ಲಿ ಚೀನಾ ಪ್ರವಾಸದ ನಂತರ ಜಪಾನಿಗೆ ಹೋದರು. ಜಪಾನಿಯರ ವಲಸೆಯನ್ನು ತಡೆಯುವ ಕಾನೂನನ್ನು ಅಮೆರಿಕ ಆಗಷ್ಟೇ ಮಾಡಿದ್ದರಿಂದ, ಏಷ್ಯಾದ ಒಗ್ಗಟ್ಟಿನ ಮಾತಿಗೆ ಅಲ್ಲಿ ಈಗ ಹೆಚ್ಚು ಕಿವಿಗಳಿದ್ದವು. 1929ರಲ್ಲಿ ಕೆನಡಾಕ್ಕೆ ಹೋಗುವಾಗಲೂ ಬರುವಾಗಲೂ ಜಪಾನಿನಲ್ಲಿ ಇಳಿದರು. ಆ ವರ್ಷ ಜಪಾನಿನಲ್ಲಿದ್ದಾಗಲೇ ಪರಾಧೀನ ಕೊರಿಯಾವನ್ನು ಹರಸುವ ಕಿರುಪದ್ಯವೊಂದನ್ನು ಬರೆದುಕೊಟ್ಟರು. ಅದು ಕೊರಿಯಾದ ಪತ್ರಿಕೆಯಲ್ಲಿ ಅಚ್ಚಾಯಿತು. ಆತಿಥ್ಯ ಪಡೆದ ನಾಡಿನ ಆಳ್ವಿಕೆಯಲ್ಲಿ ನಲುಗುತ್ತಿದ್ದವರನ್ನು ಅವರು ಮರೆತಿರಲಿಲ್ಲ.

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿದಾಗ ಈ ಸಂಬಂಧ ಕಠಿಣ ಪರೀಕ್ಷೆಗೆ ಒಳಗಾಯಿತು. ಯುದ್ಧದಲ್ಲಿ ಗೆಲುವು ಕೋರಿ ಜಪಾನಿ ಸೈನಿಕರು ಬುದ್ಧನ ದೇಗುಲದಲ್ಲಿ ಪ್ರಾರ್ಥಿಸಿದರೆಂಬ ವರದಿ ಓದಿದ ಕವಿ 'ಬುದ್ಧಭಕ್ತಿ' ಎಂಬ ವ್ಯಂಗ್ಯ ತುಂಬಿದ ಕವಿತೆ ಬರೆದರು. 1938ರ ಜುಲೈನಲ್ಲಿ ಅವರ ಹಳೆಯ ಪರಿಚಿತ, ಕವಿ ಯೊನೆ ನೊಗುಚಿ ಪತ್ರ ಬರೆದು, ಏಷ್ಯಾದಲ್ಲಿ ಹೊಸ ಜಗತ್ತೊಂದನ್ನು ಸ್ಥಾಪಿಸಲು ಈ ಯುದ್ಧ ಅನಿವಾರ್ಯವೆಂದು ಸಮರ್ಥಿಸಿದರು. ಒಮ್ಮೆ ಒಕಾಕುರಾ ಕೊಟ್ಟ ಏಷ್ಯಾದ ಏಕತೆಯ ಕಲ್ಪನೆಯೇ ಈಗ ಆಕ್ರಮಣದ ಸಮರ್ಥನೆಯಾಗಿ ಅವರ ಬಳಿಗೆ ಮರಳಿ ಬಂದಿತ್ತು. ಅಂಥ ಏಷ್ಯಾ ತಲೆಬುರುಡೆಗಳ ಗೋಪುರದ ಮೇಲೆ ನಿಲ್ಲುವಂಥದ್ದೆಂದು ರವೀಂದ್ರರು ಸೆಪ್ಟೆಂಬರಿನಲ್ಲಿ ಉತ್ತರಿಸಿದರು. ಎರಡನೆಯ ಸುತ್ತಿನ ಪತ್ರಗಳೂ ನಡೆದವು. ತಾವು ಪ್ರೀತಿಸುವ ಜಪಾನಿ ಜನತೆಗೆ ಜಯವನ್ನಲ್ಲ, ಪಶ್ಚಾತ್ತಾಪವನ್ನು ಹಾರೈಸಿ ಅವರು ಮಾತು ಮುಗಿಸಿದರು.

ಈ ಕೊನೆಯ ಹಾರೈಕೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದು ಅವಶ್ಯ. ದ್ವೇಷಿಸುವವನು ಶತ್ರುವಿನ ಸೋಲನ್ನು ಬಯಸಿ ಸುಮ್ಮನಾಗುತ್ತಾನೆ. ಪಶ್ಚಾತ್ತಾಪವನ್ನು ಬಯಸಲು ಎದುರಿನವರ ಅಂತಃಸಾಕ್ಷಿಯಲ್ಲಿ ನಂಬಿಕೆಯಿರಬೇಕು. 1916ರಲ್ಲಿ ಕಂಡ ಸಂಯಮವೂ ಸೌಂದರ್ಯಪ್ರಜ್ಞೆಯೂ ಸುಳ್ಳೆಂದು ಅವರು ಎಂದೂ ಹೇಳಲಿಲ್ಲ. ಆ ಮೌಲ್ಯಗಳಿಗೆ ಜಪಾನಿನ ಪ್ರಭುತ್ವ ಎರಡು ಬಗೆಯಿತೆಂದು ಹೇಳಿದರು. ನಾಡಿನ ಜನತೆಯನ್ನೂ ಅದರ ಪ್ರಭುತ್ವವನ್ನೂ ಬೇರ್ಪಡಿಸಿ ನೋಡುವ ಈ ವಿವೇಕ 1905ರ ಸಂಭ್ರಮದಲ್ಲಿ ಅವರಿಗಿರಲಿಲ್ಲ. ಅದು ಪ್ರವಾಸಗಳಿಂದ, ನೆರೆಯ ಚೀನಾ ಮತ್ತು ಕೊರಿಯಾಗಳ ಕಡೆಯಿಂದಲೂ ಜಪಾನನ್ನು ನೋಡಿದ್ದರಿಂದ, ಕ್ರಮೇಣ ಪಡೆದುಕೊಂಡದ್ದು. 1941ರ ಆಗಸ್ಟ್ 7ರಂದು ಅವರು ತೀರಿಕೊಂಡಾಗ ಚೀನಾದಲ್ಲಿ ಯುದ್ಧ ನಿಂತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅದು ಪೆಸಿಫಿಕ್ ಸಾಗರದ ಉದ್ದಗಲಕ್ಕೂ ಹಬ್ಬಿತು. ಅವರ ಹಾರೈಕೆಗೆ ಉತ್ತರ ದೊರೆಯಿತೇ ಎಂಬುದು ಜಪಾನಿನ ಇತಿಹಾಸಕ್ಕೆ ಸೇರಿದ ಪ್ರಶ್ನೆ. ಪ್ರವಾಸ ಸಾಹಿತ್ಯದ ಅಭ್ಯಾಸಿಗಳು ಗಮನಿಸಬೇಕಾದುದು ಬೇರೆ: ಮೆಚ್ಚಿದ ನಾಡಿಗೆ ಅತಿಥಿಯಾಗಿ ಹೋದವರು ಆ ನಾಡಿಗೆ ಅಪ್ರಿಯವಾದ ಸತ್ಯವನ್ನು ಅದರ ನೆಲದ ಮೇಲೆಯೇ ನಿಂತು ನುಡಿದರು, ನುಡಿದ ಮೇಲೂ ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಿದ್ದರು.