ಭಾನುವಾರದ ಗುಳಿಗೆ

ಕಳೆದ ಬೇಸಗೆಯ ರಜದಲ್ಲಿ ವೃದ್ಧಾಶ್ರಮವೊಂದರಲ್ಲಿ ಔಷಧ ಹಂಚುವ ದಾದಿಗೆ ನೆರವಾಗುತ್ತಿದ್ದೆನು. ಸಂಧಿವಾತದ ಅಜ್ಜಿಯೊಬ್ಬರ ಬಟ್ಟಲಿಗೆ ಮೆಥೊಟ್ರೆಕ್ಸೇಟ್ ಗುಳಿಗೆ ಹಾಕಿದೆನು. ದಾದಿ ನನ್ನ ಕೈಹಿಡಿದು, “ಇವತ್ತು ಬುಧವಾರ ಕಣಪ್ಪ, ಇದು ಭಾನುವಾರದ್ದು!” ಎಂದರು.

ಸಂಧಿವಾತಕ್ಕೆ ಈ ಮದ್ದು ವಾರಕ್ಕೊಂದು ದಿನ ಮಾತ್ರ. ದಿನವೂ ಕೊಟ್ಟರೆ ಬಾಯಿ ಹುಣ್ಣಾಗಿ, ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಂದಿ, ಪ್ರಾಣಕ್ಕೇ ಸಂಚಕಾರ. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಗುಳಿಗೆಯೂ ಅನೇಕ ವೇಳೆ ಇದರಂತೆಯೇ ಪುಟ್ಟದು, ಹಳದಿ. ನನ್ನಂಥವನು ಮೋಸಹೋಗುವುದೇನು ಆಶ್ಚರ್ಯ! ಆದುದರಿಂದ ಚೀಟಿಯಲ್ಲಿ ಕೊಡುವ ದಿನದ ಹೆಸರನ್ನು ಪೂರ್ತಿಯಾಗಿ ಬರೆದಿರಬೇಕು. ರೋಗಿ, ಔಷಧ, ಪ್ರಮಾಣ, ವೇಳೆ, ಕೊಡುವ ಬಗೆ ಈ ಐದನ್ನೂ ನೋಡಿ ಕೊಟ್ಟು, ನುಂಗಿದ ಮೇಲೆಯೇ ಪುಸ್ತಕದಲ್ಲಿ ಗುರುತು ಹಾಕಬೇಕು; ಮೊದಲೇ ಅಲ್ಲ.

ಅಜ್ಜಿ ಇದಾವುದನ್ನೂ ಅರಿಯದೆ ನೀರಿಗಾಗಿ ಕೈನೀಡಿದರು.